ನೀಲಗಿರಿಯ ಹಾದಿ: ಕಾಣುವ ಕೆರೆ, ಕಾಣದ ಕೆರೆ



ಮೈಸೂರಿನಿಂದ ನೀಲಗಿರಿಗೆ ಹೋಗುವ ಹಾದಿ ನಿಮ್ಮಲ್ಲಿ ಬಹುಮಂದಿಗೆ ಅಪರಿಚಿತವಾದುದಲ್ಲ. ಬೇಸಗೆಯ ರಜ ಬಂದಿತೆಂದರೆ ಮಕ್ಕಳುಮರಿಗಳೊಡನೆ, ಬುತ್ತಿಯ ಗಂಟಿನೊಡನೆ, ಉಣ್ಣೆಯ ಉಡುಪಿನೊಡನೆ ಒಮ್ಮೆಯಾದರೂ ಆ ಹಾದಿಯನ್ನು ಹಿಡಿಯದ ಸಂಸಾರಗಳು ನಮ್ಮ ಊರಿನಲ್ಲಿ ವಿರಳ. ಆದ್ದರಿಂದ ಇಂದು ನಿಮಗೆ ಹೊಸ ಸೀಮೆಯೊಂದನ್ನು ಪರಿಚಯ ಮಾಡಿಕೊಡುತ್ತೇನೆಂದು ನಾನು ಹೇಳಿದರೆ ಅದು ಹುಸಿಯಾದೀತು. ಇಪ್ಪತ್ತು ವರ್ಷಗಳಿಂದ ಓಡಾಡಿದ ಹಾದಿಯನ್ನು ಈಚೆಗೆ ಒಂದು ದಿನ ಮೊದಲ ಸಲ ನೋಡಿದೆನಲ್ಲ, ಆ ಸಂಗತಿಯನ್ನು ಹೇಳುವುದಷ್ಟೇ ನನ್ನ ಉದ್ದೇಶ.

ಮಾಘ ಕಳೆದು ಫಾಲ್ಗುಣ ಕಾಲಿಟ್ಟಿದ್ದ ದಿನಗಳು. ಮೋಟಾರಿನಲ್ಲಿ ನಾವು ಮೂವರು: ನಾನು, ನಮ್ಮ ಮನೆಯವರು, ಮತ್ತು ಬಹುಕಾಲ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸಿ ಈಗ ವಿಶ್ರಾಂತರಾಗಿರುವ ಹಿರಿಯ ಮಿತ್ರರೊಬ್ಬರು. ಅವರನ್ನು ನಾವೆಲ್ಲ ರಾಯರೆಂದೇ ಕರೆಯುವುದು ವಾಡಿಕೆ. ನಾನು ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳುವವನು. ಬೆಟ್ಟ, ಸರೋವರ, ಮಂಜು ಎಂದರೆ ನನ್ನ ಮನಸ್ಸು ಒಡನೆಯೇ ಇಂಗ್ಲೆಂಡಿನ ಸರೋವರ ಸೀಮೆಗೆ ಹಾರುವುದು. ಆ ಸೀಮೆಯನ್ನು ನಾನು ಕಣ್ಣಾರೆ ಕಂಡವನಲ್ಲ. ವಿದ್ಯಾರ್ಥಿಗಳೂ ಕಂಡವರಲ್ಲ. ಆದಕಾರಣ ವರ್ಡ್ಸ್‌ವರ್ತ್ ಕವಿಯ ಪ್ರಕೃತಿ ಪ್ರೇಮವನ್ನು ವಿವರಿಸಬೇಕಾದಾಗಲೆಲ್ಲ, "ಉದಕಮಂಡಲವನ್ನು ನೆನೆದುಕೊಳ್ಳಿರಿ, ಆ ಎತ್ತರದ ಮರಗಳು, ಆ ಸರೋವರ, ಆ ತಂಪು" ಎಂದು ಹೇಳಿಬಿಡುತ್ತಿದ್ದೆ. ಹೀಗೆ ಹೇಳಿದ್ದರಲ್ಲಿ ಏನು ತಪ್ಪಿತ್ತೆಂಬುದು ಈ ಪಯಣದಲ್ಲಿ ನನಗೆ ತಿಳಿಯಿತು.

ಮೈಸೂರನ್ನು ಬಿಟ್ಟು ನಂಜನಗೂಡಿನ ಬಳಿ ಕಪಿಲೆಯನ್ನು ದಾಟುವಾಗ ಹಳೆಯ ಕಲ್ಲಿನ ಸೇತುವೆ ಪಕ್ಕದಲ್ಲಿ ಕಾಣುತ್ತದೆ. 1735ರಲ್ಲಿ ಕಟ್ಟಿದ್ದೆಂದು ಹೇಳುತ್ತಾರೆ. ಬಹುಕಾಲ ಗಾಡಿಗಳನ್ನೂ ರೈಲನ್ನೂ ಹೊತ್ತು, ಈಗ ಆ ಕೆಲಸದಿಂದ ಬಿಡುಗಡೆ ಪಡೆದಿದೆ. ರಾಯರು ಅದನ್ನು ನೋಡಿ, "ನನ್ನ ಹಾಗೆಯೇ ನಿವೃತ್ತಿವೇತನದಲ್ಲಿದೆ" ಎಂದು ನಕ್ಕರು. ಅಲ್ಲಿಂದ ಮುಂದೆ ಗುಂಡ್ಲುಪೇಟೆಯ ಕಡೆಗೆ ಹೋಗುತ್ತಾ ಹಾದಿಯ ಎಡಬಲಗಳಲ್ಲಿ ಕೆರೆಗಳು ಕಾಣಸಿಗುತ್ತವೆ. ಕೆಲವು ತುಂಬಿವೆ, ಕೆಲವು ಬತ್ತಿವೆ, ಕೆಲವಕ್ಕೆ ಏರಿ ಮಾತ್ರ ಉಳಿದಿದೆ. ನಮ್ಮ ನಾಡಿನಲ್ಲಿ ಕೆರೆಯೆಂದರೆ ಕಟ್ಟಿದ್ದು. ಏರಿ, ತೂಬು, ಕೋಡಿ ಇವುಗಳಿಲ್ಲದ ಕೆರೆಯನ್ನು ನಮ್ಮವರು ಊಹಿಸಲಾರರು. ಬೆಟ್ಟವನ್ನು ದೇವರು ಇಟ್ಟ, ಕೆರೆಯನ್ನು ಮನುಷ್ಯ ಕಟ್ಟಿದ ಎಂಬುದು ಬಯಲುಸೀಮೆಯವರ ಸಹಜವಾದ ತಿಳಿವಳಿಕೆ. ಈ ಮಾತನ್ನು ತಾವು ನೆನಪಿನಲ್ಲಿಡಬೇಕು. ಬೆಟ್ಟವನ್ನು ಹತ್ತಿದ ಮೇಲೆ ಇದು ನಮ್ಮ ಕೆಲಸಕ್ಕೆ ಬರುತ್ತದೆ.

ಗುಂಡ್ಲುಪೇಟೆ ದಾಟಿ ಸ್ವಲ್ಪ ಹೊತ್ತಿಗೆ ಬಂಡೀಪುರದ ಅರಣ್ಯ. 1931ರಲ್ಲಿ ಮೈಸೂರು ಮಹಾರಾಜರ ಆಶ್ರಯದಲ್ಲಿ ವೇಣುಗೋಪಾಲ ವನ್ಯಜೀವಿಧಾಮವೆಂಬ ಹೆಸರಿನಿಂದ ಇಲ್ಲಿ ಸುಮಾರು 90 ಚದರ ಕಿಲೋಮೀಟರುಗಳನ್ನು ಕಾಡುಪ್ರಾಣಿಗಳಿಗಾಗಿ ಮೀಸಲಿಟ್ಟರು. 1973ರಲ್ಲಿ ದೇಶದಲ್ಲಿ ಹುಲಿಗಳ ರಕ್ಷಣೆಯ ಯೋಜನೆ ಆರಂಭವಾದಾಗ ಮೊದಲು ಆರಿಸಿದ ಅರಣ್ಯಗಳಲ್ಲಿ ಇದೂ ಒಂದು. ನಾವು ಹೋದಾಗ ತೇಗ, ಮತ್ತಿ, ದಿಂಡಿಗದ ಮರಗಳು ಎಲೆಯುದುರಿಸಿ ಬರಿದಾಗಿದ್ದುವು. ಮುತ್ತುಗದ ಮರಗಳು ಮಾತ್ರ ಒಂದೆಲೆಯೂ ಇಲ್ಲದೆ ಮೈತುಂಬ ಕೆಂಪು ಹೂವನ್ನು ಹೊತ್ತು ನಿಂತಿದ್ದುವು. ಜಿಂಕೆಗಳು ಹಾದಿಯ ಪಕ್ಕದಲ್ಲಿಯೇ ನಿರ್ಭಯವಾಗಿ ಮೇಯುತ್ತಿದ್ದುವು.

ಇಲ್ಲಿನ ಒಂದು ಕಟ್ಟಳೆಯನ್ನು ಹೇಳಬೇಕು. ರಾತ್ರಿಯ ಹೊತ್ತು ಮೋಟಾರುಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ, 2009ರಲ್ಲಿ ಜಿಲ್ಲಾಧಿಕಾರಿಗಳು ಈ ಅರಣ್ಯದ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರವನ್ನು ನಿಷೇಧಿಸಿದರು. 2010ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಆ ಆಜ್ಞೆಯನ್ನು ಎತ್ತಿಹಿಡಿಯಿತು. ರೋಗಿಗಳನ್ನು ಒಯ್ಯುವ ವಾಹನಗಳಿಗೂ ಗೊತ್ತಾದ ಕೆಲವು ಬಸ್ಸುಗಳಿಗೂ ಮಾತ್ರ ವಿನಾಯಿತಿ. ಅಂದಿನಿಂದ ಅದರ ವಿಚಾರವಾಗಿ ವಾದವಿವಾದಗಳು ನಡೆದಿವೆ. ಹಿಂದೊಮ್ಮೆ ನಾನೇ ಹತ್ತು ನಿಮಿಷ ತಡವಾಗಿ ಬಂದು, ಗೇಟಿನವನೊಡನೆ ಜಗಳವಾಡಿ, ಕೊನೆಗೆ ಗೂಡಲೂರಿನಲ್ಲಿ ಸೊಳ್ಳೆಗಳೊಡನೆ ರಾತ್ರಿಯನ್ನು ಕಳೆದದ್ದುಂಟು. "ರಸ್ತೆಯೆಂಬುದು ಇರುವುದು ಓಡಾಡುವುದಕ್ಕಲ್ಲವೆ?" ಎಂದು ಅಂದು ನಾನು ಕೇಳಿದ ನೆನಪು.

ಗಡಿಯನ್ನು ದಾಟಿದರೆ ಮುದುಮಲೆಯ ಅರಣ್ಯ. ತೆಪ್ಪಕಾಡಿನಲ್ಲಿ ಆನೆಗಳ ಶಿಬಿರ, ಮೋಯಾರು ಹೊಳೆ. ಇಲ್ಲಿ ಹಾದಿ ಕವಲಾಗುತ್ತದೆ. ಎಡಕ್ಕೆ ಮಸಿನಗುಡಿಯ ಮೇಲೆ ಕಲ್ಲಟ್ಟಿ ಘಟ್ಟದ ಮೂವತ್ತಾರು ತಿರುವುಗಳು. ಹತ್ತಿರ, ಆದರೆ ಬಲು ಕಡಿದು. ಬಲಕ್ಕೆ ಗೂಡಲೂರಿನ ಮೇಲೆ ಸುತ್ತು ಹಾದಿ. ರಾಯರು ಸುತ್ತು ಹಾದಿಯನ್ನೇ ಆರಿಸಿದರು. "ನಿಮಗೆ ತೋರಿಸಬೇಕಾದ್ದೆಲ್ಲ ಆ ಕಡೆಯಲ್ಲಿದೆ" ಎಂದರು.

ಗೂಡಲೂರಿನಿಂದ ಉದಕಮಂಡಲಕ್ಕೆ ಸುಮಾರು ಐವತ್ತು ಕಿಲೋಮೀಟರು. ಆ ಐವತ್ತು ಕಿಲೋಮೀಟರಿನಲ್ಲಿ ಹಾದಿ ಸಾವಿರ ಮೀಟರಿಗೂ ಹೆಚ್ಚು ಮೇಲೇರುತ್ತದೆ. ಮೊದಲು ಚಹಾ ತೋಟಗಳು, ಬಾಚಿದ ತಲೆಯಂತೆ ಸಾಲುಸಾಲಾಗಿ. ಆಮೇಲೆ ಒಂದೊಂದು ತಿರುವಿಗೂ ಗಾಳಿ ತಂಪಾಗುತ್ತದೆ, ಹಿಂದೆ ಬಿಟ್ಟುಬಂದ ಮೈಸೂರು ಸೀಮೆಯ ಬಯಲು ಕೆಳಗೆ ಮಸುಕಾಗಿ ಹರಡಿಕೊಳ್ಳುತ್ತದೆ. ನಡುವಟ್ಟದ ಹತ್ತಿರ ಬಂದಾಗ ಎರಡು ಪಕ್ಕಗಳಲ್ಲಿಯೂ ಆಕಾಶವನ್ನು ಮುಟ್ಟುವಂತೆ ನೆಟ್ಟಗೆ ಬೆಳೆದ ಮರಗಳು, ಬೂದುಬಣ್ಣದ ನುಣುಪಾದ ಕಾಂಡಗಳು, ನಡುನಡುವೆ ಇಳಿಯುವ ಬಿಸಿಲಕೋಲು, ಮೂಗಿಗೆ ಹಿತವಾದ ಮದ್ದಿನ ಗಂಧ. ನಾನು ಮೋಟಾರನ್ನು ನಿಲ್ಲಿಸಿ ಇಳಿದೆ.

"ಏನು ಸ್ವಾಮಿ, ಎಂಥ ಕಾಡು!" ಎಂದೆ.

"ಕಾಡಲ್ಲ, ತೋಟ" ಎಂದರು ರಾಯರು. "ಈ ಮರದ ಹೆಸರೇನು ಹೇಳಿ."

"ಇದೇನು ಪ್ರಶ್ನೆ ರಾಯರೆ? ನೀಲಗಿರಿ ಮರ."

"ನೋಡಿದಿರಾ! ಆಸ್ಟ್ರೇಲಿಯದಿಂದ ತಂದು 1843ರಲ್ಲಿ ಈ ಬೆಟ್ಟದಲ್ಲಿ ನೆಟ್ಟ ಮರ ಇದು. ಬಂದ ನೆಂಟನಿಗೆ ಮನೆಯ ಯಜಮಾನನ ಹೆಸರನ್ನೇ ಕೊಟ್ಟುಬಿಟ್ಟಿದ್ದೇವೆ. ಇನ್ನು ಯಜಮಾನನನ್ನು ಗುರುತಿಸುವವರು ಯಾರು?"

ಈ ಮಾತು ನನಗೆ ಚುಚ್ಚಿತು. ನೆಗಡಿಯಾದಾಗ ಹಚ್ಚಿಕೊಳ್ಳುವ ನೀಲಗಿರಿ ಎಣ್ಣೆಯಿಂದ ಮೊದಲುಗೊಂಡು ನಮ್ಮ ಹೊಲದ ಬದುಗಳ ಮೇಲಿನ ನೀಲಗಿರಿ ತೋಪಿನವರೆಗೆ, ನಾವು ಆ ಹೆಸರಿನಿಂದ ಕರೆಯುವುದು ಆ ಬೆಟ್ಟಕ್ಕೆ ಸೇರದ ವಸ್ತುವನ್ನು. ಸ್ವಲ್ಪ ಮುಂದೆ ಹೋದಾಗ ಇಳಿಜಾರುಗಳೆಲ್ಲ ಹಳದಿಯ ಹೂ ಮುಡಿದು ಥಳಥಳಿಸುತ್ತಿದ್ದುವು. ವಾಟಲ್ ಮರದ ಹೂ. ಅದೂ ಆಸ್ಟ್ರೇಲಿಯದ್ದೇ ಎಂದರು ರಾಯರು. ವಿದ್ಯಾರ್ಥಿಗಳಿಗೆ ನಾನು ವರ್ಣಿಸುತ್ತಿದ್ದ ಪ್ರಕೃತಿ ಸೌಂದರ್ಯದ ಬಹುಪಾಲು, ಮನೆಯ ನೆನಪಿನಿಂದ ಬಳಲಿದ ಆಂಗ್ಲ ಅಧಿಕಾರಿಗಳು ಸೌದೆಗಾಗಿಯೂ ನೆರಳಿಗಾಗಿಯೂ ನೆಡಿಸಿದ ತೋಟಗಳ ಸೌಂದರ್ಯವಾಗಿತ್ತು.

ನನ್ನ ನಾಚಿಕೆಯನ್ನು ಹೆಚ್ಚಿಸಿದ ಸಂಗತಿ ಇನ್ನೊಂದು. ವರ್ಡ್ಸ್‌ವರ್ತ್ ಕವಿ ತನ್ನ ಸರೋವರ ಸೀಮೆಯ ವಿಚಾರವಾಗಿ ಗದ್ಯದಲ್ಲಿ ಒಂದು ಕೈಪಿಡಿಯನ್ನು ಬರೆದಿದ್ದಾನೆ; ಅದರ ಮೊದಲ ರೂಪ 1810ರಲ್ಲಿ ಬೆಳಕು ಕಂಡಿತು. ಹೊರಗಿನಿಂದ ಬಂದ ಧನಿಕರು ಅಲ್ಲಿನ ಬೆಟ್ಟಗಳ ಮೇಲೆ ಲಾರ್ಚ್ ಎಂಬ ಪರದೇಶದ ಮರವನ್ನು ಸಾಲುಸಾಲಾಗಿ ನೆಡುವುದನ್ನು ಅವನು ಅದರಲ್ಲಿ ಕಟುವಾಗಿ ಖಂಡಿಸಿದ್ದಾನೆ. 1844ರಲ್ಲಿ ಆ ಸೀಮೆಗೆ ರೈಲುಹಾದಿ ಬರುವುದನ್ನೂ ವಿರೋಧಿಸಿದನು. ಈ ಸಂಗತಿಯನ್ನು ನಾನು ಅರಿಯದವನಲ್ಲ. ಪರೀಕ್ಷೆಗೆ ಬೇಕಾಗಿರಲಿಲ್ಲವಾದ್ದರಿಂದ ಹೇಳಿರಲಿಲ್ಲ, ಅಷ್ಟೆ. ಕವಿ ತನ್ನ ನಾಡಿನಲ್ಲಿ ಯಾವುದನ್ನು ಕಂಡು ನೊಂದನೋ ಅದನ್ನೇ ನಾನು ನಮ್ಮ ನಾಡಿನಲ್ಲಿ ತೋರಿಸಿ, ಇದು ಕವಿ ಮೆಚ್ಚಿದ ಪ್ರಕೃತಿಯೆಂದು ಇಪ್ಪತ್ತು ವರ್ಷ ಪಾಠ ಹೇಳಿದ್ದೆ.

ಪೈಕಾರದ ಸರೋವರ ಹಾದಿಯಿಂದಲೇ ಕಾಣುತ್ತದೆ. ಬೆಟ್ಟಗಳ ಮಡಿಲಿನಲ್ಲಿ ನೀಲಿಯ ನೀರು, ದಂಡೆಯ ಮೇಲೆ ದಟ್ಟವಾದ ಹಸುರು, ದೋಣಿಗಳಲ್ಲಿ ನಗುವ ಮಕ್ಕಳು. ಮನಸ್ಸಿಗೆ ತುಂಬ ಹಿತವಾಯಿತು. ಆದರೆ ಇದೂ ಕಟ್ಟಿದ್ದೇ. ಪೈಕಾರ ಹೊಳೆಗೆ ಅಣೆಕಟ್ಟು ಹಾಕಿ, ಅದರ ನೀರನ್ನು ಕೊಳವೆಗಳಲ್ಲಿ ಮೂರು ಸಾವಿರ ಅಡಿಗಳ ಕೆಳಗೆ ಸಿಂಗಾರದ ಯಂತ್ರಾಗಾರಕ್ಕೆ ಬೀಳಿಸಿ, 1932ರಿಂದ ವಿದ್ಯುಚ್ಛಕ್ತಿಯನ್ನು ಪಡೆಯುತ್ತಿದ್ದಾರೆ. ನಮ್ಮ ಶಿವನಸಮುದ್ರದಲ್ಲಿ 1902ರಲ್ಲಿಯೇ ಆರಂಭವಾದ ಕೆಲಸದ ತಮ್ಮನೆನ್ನಬಹುದು. ಮುಂದೆ ಉದಕಮಂಡಲವನ್ನು ಸಮೀಪಿಸುವಾಗ ಕಾಣುವ ಕಾಮರಾಜ ಸಾಗರ, ಆ ಕಡೆಗಿರುವ ಎಮರಾಲ್ಡ್, ಅವಲಾಂಚೆ, ಮೇಲ್ಭವಾನಿ ಇವೆಲ್ಲವೂ ಇದೇ ಬಗೆಯಾಗಿ ಮನುಷ್ಯನು ಕಟ್ಟಿದ ಜಲಾಶಯಗಳು. ಉದಕಮಂಡಲದ ಪ್ರಸಿದ್ಧವಾದ ಸರೋವರ ಕೂಡ ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲಿವನ್ ಎಂಬವನು 1823ರಿಂದ 1825ರವರೆಗೆ ಹೊಳೆಗೆ ಏರಿ ಹಾಕಿಸಿ ಮಾಡಿಸಿದ್ದು. ಕೆಳಗಿನ ಬಯಲಿಗೆ ನೀರೊದಗಿಸಬೇಕೆಂಬುದು ಅವನ ಮೊದಲ ಉದ್ದೇಶ. ನಾವು ಸರೋವರವೆಂದು ಸಂಸ್ಕೃತದಲ್ಲಿ ಕರೆದು ಕೈಮುಗಿಯುವುದೆಲ್ಲ ಗುಂಡ್ಲುಪೇಟೆಯ ಕೆರೆಯ ಬಂಧುಗಳೇ.

ಇದನ್ನು ಕೇಳುತ್ತಿದ್ದ ನಮ್ಮ ಮನೆಯವರು ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಿದ್ದು, "ಹಾಗಾದರೆ ಈ ಕೆರೆಗೆ ಯಾರನ್ನು ಹಾರ ಕೊಟ್ಟರೋ?" ಎಂದರು.

'ಕೆರೆಗೆ ಹಾರ' ಎಂಬ ನಮ್ಮ ಜನಪದ ಕಥನಗೀತೆ ತಮಗೆಲ್ಲ ಗೊತ್ತಿರುವುದೇ. ಕಟ್ಟಿಸಿದ ಕೆರೆಗೆ ನೀರು ಬಾರದೆ ಹೋದಾಗ ಗೌಡನ ಮನೆಯ ಕಿರಿಯ ಸೊಸೆಯನ್ನು ಬಲಿಗೊಡುವ ಕಥೆ. ಆ ಗೀತೆಯನ್ನು ಹಾಡಿದ ಹೆಂಗಸರು ಅಣೆಕಟ್ಟಿನ ಶಾಸ್ತ್ರವನ್ನು ಓದಿದವರಲ್ಲ. ಆದರೆ ಕಟ್ಟಿದ ನೀರಿಗೆ ಯಾರೋ ಎಲ್ಲಿಯೋ ಬೆಲೆ ತೆತ್ತಿರುತ್ತಾರೆಂಬುದನ್ನು ಅವರು ಬಲ್ಲವರಾಗಿದ್ದರು. ನಾನು ಅಣೆಕಟ್ಟನ್ನು ಬೇಡವೆನ್ನುವವನಲ್ಲ. ಈ ಭಾಷಣ ತಮ್ಮನ್ನು ಮುಟ್ಟುತ್ತಿರುವುದೂ ವಿದ್ಯುತ್ತಿನಿಂದಲೇ. ಆದರೂ ಆಕೆಯ ಪ್ರಶ್ನೆಗೆ ಉತ್ತರವನ್ನು ತಿಳಿಯಬೇಕೆನ್ನಿಸಿತು. ರಾಯರು, "ಅದನ್ನು ತೋರಿಸಬೇಕಾದರೆ ಮುಂದೆ ಹೋಗಬೇಕು" ಎಂದರು.

ಪೈಕಾರವನ್ನು ಬಿಟ್ಟು ಉದಕಮಂಡಲದ ಕಡೆಗೆ ಹೋಗುವಾಗ ಮರಗಳಿಲ್ಲದ, ದುಂಡಗಾದ, ಹುಲ್ಲಿನ ಬೋರೆಗಳು ಎದುರಾಗುತ್ತವೆ. ಎಷ್ಟೋ ಚಲನಚಿತ್ರಗಳಲ್ಲಿ ನಾಯಕ ನಾಯಕಿಯರು ಓಡಿಬಂದ ಇಳಿಜಾರುಗಳು ಇವು. ಹೆಚ್ಚು ಜನ ಇಲ್ಲಿ ಇಳಿದು ಭಾವಚಿತ್ರ ತೆಗೆದುಕೊಂಡು, ಬೇಯಿಸಿದ ಜೋಳದ ತೆನೆಯನ್ನು ತಿಂದು ಮುಂದೆ ಹೋಗುತ್ತಾರೆ. ನಾನೂ ಹಾಗೆಯೇ ಮಾಡಿದವನು. ಇದು ಏನೂ ಬೆಳೆಯದ ಬಂಜರೆಂದು, ಒಳ್ಳೆಯ ಮರ ನೆಟ್ಟರೆ ಚೆನ್ನಾಗಿತ್ತೆಂದು ಭಾವಿಸಿದವನು. ಫಾಲ್ಗುಣದ ಬಿಸಿಲಿಗೆ ಹುಲ್ಲು ಹೊಂಬಣ್ಣಕ್ಕೆ ತಿರುಗಿತ್ತು. ಎರಡು ಬೋರೆಗಳು ಕೂಡುವ ತಗ್ಗಿನಲ್ಲಿ ಮಾತ್ರ ಗಿಡ್ಡನೆಯ ಮರಗಳ ದಟ್ಟವಾದ ಗುಂಪೊಂದು ಕರ್ರಗೆ ಅಡಗಿ ಕುಳಿತಿತ್ತು. ಅದರ ತಲೆಯ ಮೇಲೆಲ್ಲ ಕೆಂಪು ಚಿಗುರು. ಇದನ್ನೇ ಶೋಲಾ ಕಾಡೆನ್ನುವುದು. ತೋಪೆಂಬ ಅರ್ಥದ ಚೋಲೈ ಎಂಬ ತಮಿಳು ಮಾತಿನಿಂದ ಬಂದ ಹೆಸರು.

ರಾಯರು ಹಾದಿಯಂಚಿನ ತಗ್ಗಿನಲ್ಲಿ ತಮ್ಮ ಊರುಗೋಲನ್ನು ನೆಲಕ್ಕೆ ಚುಚ್ಚಿದರು. ಅದು ಬೆಣ್ಣೆಯಲ್ಲಿ ಇಳಿದಂತೆ ಒಂದು ಮೊಳ ಇಳಿಯಿತು. ಕಿತ್ತಾಗ ಕೋಲಿನ ತುದಿಗೆ ಕಾಡಿಗೆಯಂಥ ಕಪ್ಪು ಮಣ್ಣು. ನೋಡುತ್ತಿದ್ದಂತೆ ಆ ಕುಳಿಯಲ್ಲಿ ನೀರು ಜಿನುಗಿ ಬಾಯಿಯವರೆಗೆ ತುಂಬಿಕೊಂಡಿತು. ಮಳೆ ನಿಂತು ಎರಡು ತಿಂಗಳ ಮೇಲಾಗಿತ್ತು. ಮೇಲೆ ಹುಲ್ಲು ಒಣಗಿ ನಿಂತಿತ್ತು. "ಇದು ಬೆಟ್ಟದ ಕೆರೆ" ಎಂದರು ರಾಯರು. "ಇದಕ್ಕೆ ಏರಿ ಇಲ್ಲ, ತೂಬು ಇಲ್ಲ. ಆದ್ದರಿಂದ ಯಾರಿಗೂ ಕಾಣುವುದಿಲ್ಲ."

ಅವರು ವಿವರಿಸಿದುದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಮುಂಗಾರಿನಲ್ಲಿ ಈ ಬೆಟ್ಟಗಳ ಪಡುವಣ ಮೈ ಮೇಲೆ ಅಪಾರವಾದ ಮಳೆ ಬೀಳುತ್ತದೆ. ಹುಲ್ಲಿನ ಬೇರುಗಳು ಹೆಣೆದ ದಪ್ಪನೆಯ ಮಣ್ಣು ಅದನ್ನು ಕುಡಿಯುತ್ತದೆ. ಶೋಲಾ ಕಾಡಿನ ನೆಲದಲ್ಲಿ ಕೊಳೆತ ಎಲೆಯ ಹಾಸಿಗೆ ಅದನ್ನು ಹಿಡಿಯುತ್ತದೆ. ತಗ್ಗಿನ ಜೌಗು ಅದನ್ನು ಕೂಡಿಡುತ್ತದೆ. ಮಳೆ ನಿಂತ ಮೇಲೆ ತಿಂಗಳುಗಟ್ಟಲೆ ಹನಿಹನಿಯಾಗಿ ಅದೇ ನೀರು ತೊರೆಗಳಿಗೆ ಇಳಿಯುತ್ತದೆ. ಪೈಕಾರದ ಕೆರೆಯನ್ನು ಬೇಸಗೆಯಲ್ಲಿ ತುಂಬುವುದು ಈ ಕೆರೆ. ಪೈಕಾರದ ನೀರು ಮೋಯಾರನ್ನು ಸೇರಿ, ಮೋಯಾರು ಭವಾನಿಯನ್ನು ಸೇರಿ, ಭವಾನಿ ಕಾವೇರಿಯನ್ನು ಸೇರುತ್ತದೆ. ಈ ನೀರು ಮೈಸೂರಿನ ನಲ್ಲಿಗೆ ಬರುವುದಿಲ್ಲವೆಂಬುದು ನಿಜ. ಆದರೆ ನಮ್ಮ ಕಪಿಲೆ ಹುಟ್ಟುವ ವೈನಾಡು ಈ ಬೆಟ್ಟಗಳ ಮಗ್ಗುಲಿನ ಸೀಮೆಯೇ. ಪಡುವಣ ಘಟ್ಟದ ಬೆಟ್ಟಗಳು ಬೇಸಗೆಗೆಂದು ನೀರನ್ನು ಉಳಿಸಿಡುವುದರಿಂದಲೇ ನಾವು ಬಯಲಿನವರು ಬದುಕಿರುವುದು.

ಇಲ್ಲಿ ಹಿಂದೆ ದಟ್ಟವಾದ ಕಾಡಿತ್ತು, ಮನುಷ್ಯ ಅದನ್ನು ಕಡಿದುದರಿಂದ ಹುಲ್ಲು ಬಂದಿತೆಂದು ಹಲವರು ನಂಬಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಅವರ ಸಂಗಡಿಗರು ಈ ಜೌಗಿನ ಕಪ್ಪು ಮಣ್ಣನ್ನು ಪದರಪದರವಾಗಿ ಪರೀಕ್ಷಿಸಿ 1993ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹವೆಯ ಚರಿತ್ರೆ ಆ ಮಣ್ಣಿನಲ್ಲಿ ಬರೆದಿತ್ತು. ಹವೆ ಒಣಗಿದಾಗ ಹುಲ್ಲು ಹಬ್ಬಿದೆ, ತೇವ ಹೆಚ್ಚಿದಾಗ ಮರಗಳು ಹಬ್ಬಿವೆ. ಈ ಹುಲ್ಲು ಬಂಜರಲ್ಲ, ಬೆಟ್ಟದ ಮೂಲ ನಿವಾಸಿಯೇ. ತೋಡರು ತಮ್ಮ ಎಮ್ಮೆಗಳನ್ನು ಮೇಯಿಸಿ ಬಾಳಿದ್ದು ಈ ಹುಲ್ಲಿನ ಮೇಲೆ. ಹನ್ನೆರಡು ವರ್ಷಕ್ಕೊಮ್ಮೆ ಅರಳಿ ಬೆಟ್ಟವನ್ನು ನೀಲಿಯಾಗಿಸುವ ಕುರಿಂಜಿ ಗಿಡ ಬೆಳೆಯುವುದೂ ಈ ಹುಲ್ಲಿನ ನಡುವೆಯೇ. 2006ರಲ್ಲಿಯೂ 2018ರಲ್ಲಿಯೂ ಅದು ಅರಳಿತು.

ಹುಲ್ಲನ್ನು ಅಳಿಸಿ ನೀಲಗಿರಿ ಮರ ನೆಟ್ಟರೆ ಏನಾಗುತ್ತದೆಂಬುದನ್ನು ಅಳೆದು ನೋಡಿದವರೂ ಉಂಟು. ಪೈಕಾರದ ಹತ್ತಿರದಲ್ಲಿಯೇ ಇರುವ ಗ್ಲೆನ್‌ಮಾರ್ಗನ್ ಎಂಬಲ್ಲಿ, ಉದಕಮಂಡಲದ ಮಣ್ಣು ಮತ್ತು ಜಲ ಸಂರಕ್ಷಣೆಯ ಸಂಶೋಧನಾ ಕೇಂದ್ರದವರು ಒಂದೇ ಬಗೆಯ ಎರಡು ಸಣ್ಣ ಹುಲ್ಲಿನ ಕಣಿವೆಗಳನ್ನು ಆರಿಸಿಕೊಂಡು, ಕೆಲವು ವರ್ಷ ಎರಡರ ಹರಿವನ್ನೂ ಅಳೆದರು. 1972ರಲ್ಲಿ ಒಂದನ್ನು ಹಾಗೆಯೇ ಬಿಟ್ಟು, ಇನ್ನೊಂದರ ಶೇಕಡ 59 ಭಾಗದಲ್ಲಿ ನೀಲಗಿರಿ ಮರವನ್ನು ನೆಟ್ಟರು. ಹತ್ತು ವರ್ಷಗಳ ಮೊದಲ ಬೆಳೆಯ ಕಾಲದಲ್ಲಿ ಆ ಕಣಿವೆಯಿಂದ ಹರಿದುಬರುವ ನೀರು ಶೇಕಡ 16ರಷ್ಟು ಕಡಮೆಯಾಯಿತು. ಮರವನ್ನು ಕಡಿದ ಮೇಲೆ ಬುಡದಿಂದ ಚಿಗುರಿದ ಎರಡನೆಯ ಬೆಳೆಯ ಕಾಲದಲ್ಲಿ ಸುಮಾರು ಶೇಕಡ 25ರಷ್ಟು ಕಡಮೆಯಾಯಿತು. ಅದರಲ್ಲಿಯೂ ಹೆಚ್ಚಿನ ಪೆಟ್ಟು ಬಿದ್ದದ್ದು ಬೇಸಗೆಯ ತೆಳ್ಳನೆಯ ಹರಿವಿಗೆ, ಎಂದರೆ ನಮಗೆ ನೀರು ಅತ್ಯಂತ ಅಗತ್ಯವಾದ ಕಾಲದ ಹರಿವಿಗೆ. ನಮ್ಮ ಮನೆಯವರ ಪ್ರಶ್ನೆಗೆ ಇದು ಉತ್ತರವೆಂದು ನನಗೆ ತೋರಿತು. ಕಾಣುವ ಕೆರೆಯನ್ನು ಕಟ್ಟುವಾಗ ಅದರಡಿಯಲ್ಲಿ ಒಂದಷ್ಟು ಹುಲ್ಲುಗಾವಲು ಮುಳುಗಿತು. ಅದಾದರೂ ಸಹಿಸಬಹುದಾದ ಬಲಿ. ಆ ಕೆರೆಗೆ ಬೇಸಗೆಯಲ್ಲಿ ನೀರುಣಿಸುವ ಕಾಣದ ಕೆರೆಯ ಮೇಲೆ ಮರ ನೆಟ್ಟು, ಅದನ್ನು ಚಂದವೆಂದು ಹೊಗಳಿದೆವಲ್ಲ, ಆ ಬಲಿಯನ್ನು ಯಾವ ದೇವತೆಯೂ ಬೇಡಿರಲಿಲ್ಲ.

ರಾಯರು ನ್ಯಾಯವಂತರು. ಹೊರಗಿನಿಂದ ಬಂದ ಮರವನ್ನು ಅವರು ನಿಂದಿಸಲಿಲ್ಲ. ನೀಲಗಿರಿ ಮರ ನೆಟ್ಟವರು ಹಾಗೆ ನೆಡದಿದ್ದರೆ ಸೌದೆಗಾಗಿ ಉಳಿದ ಶೋಲಾ ಕಾಡೂ ಕೊಡಲಿಗೆ ಬೀಳುತ್ತಿತ್ತೆಂದೂ, ಕೆಲವು ಕಡೆ ಹಳೆಯ ವಾಟಲ್ ಮರಗಳ ನೆರಳಿನಲ್ಲಿ ಶೋಲಾ ಸಸಿಗಳು ತಾವಾಗಿ ಹುಟ್ಟಿ ಬೆಳೆಯುತ್ತಿವೆಯೆಂದೂ ಹೇಳಿದರು. ಎಲ್ಲವನ್ನೂ ಒಮ್ಮೆಗೇ ಕಡಿದರೆ ಮಣ್ಣು ಜರಿಯುವುದು. ಈಚಿನ ವರ್ಷಗಳಲ್ಲಿ ಕೆಲವೆಡೆ ವಾಟಲನ್ನು ತೆಗೆದು ಹುಲ್ಲನ್ನು ಮತ್ತೆ ಎಬ್ಬಿಸುವ ಕೆಲಸ ನಡೆದಿದೆ. ಇಪ್ಪತ್ತು ಸಾವಿರ ವರ್ಷಗಳಲ್ಲಿ ಆದದ್ದನ್ನು ಇಪ್ಪತ್ತು ವರ್ಷಗಳಲ್ಲಿ ಮರಳಿ ಪಡೆಯುವ ಆತುರ ಸಲ್ಲದೆಂಬುದು ಅವರ ಮತ.

ಉದಕಮಂಡಲಕ್ಕೆ ಇನ್ನೂ ಕೆಲವು ಮೈಲಿ ಇರುವಾಗ ಹಾದಿಯ ಪಕ್ಕದಲ್ಲಿ ಗಜ್ಜರಿಯನ್ನು ಮಾರುತ್ತ ಕುಳಿತಿದ್ದ ಒಬ್ಬ ಬಡಗ ವೃದ್ಧರನ್ನು ಕಂಡೆವು. ಬಡಗರೆಂದರೆ ಬಡಗಣ ದಿಕ್ಕಿನವರು. ಶತಮಾನಗಳ ಹಿಂದೆ ನಮ್ಮ ಮೈಸೂರು ಸೀಮೆಯಿಂದ ಈ ಬೆಟ್ಟವನ್ನು ಹತ್ತಿ ಬಂದವರೆಂಬುದನ್ನು ಅವರ ಹೆಸರೇ ಹೇಳುತ್ತದೆ. ಅವರ ನುಡಿ ಕನ್ನಡಕ್ಕೆ ತೀರ ಹತ್ತಿರದ್ದು. ಈ ಸೀಮೆಯ ಅತಿ ಎತ್ತರದ ಶಿಖರಕ್ಕೆ, 2,637 ಮೀಟರು ಎತ್ತರದ ಗಿರಿಗೆ, ದೊಡ್ಡಬೆಟ್ಟವೆಂಬ ಹೆಸರಿರುವುದನ್ನು ನೋಡಿದರೆ ಸಾಕು. "ಯಜಮಾನರೆ, ಬೇಸಗೆಯಲ್ಲಿ ನಿಮ್ಮ ಊರಿಗೆ ನೀರಿನ ಅನುಕೂಲ ಹೇಗೆ?" ಎಂದು ನಾನು ಕನ್ನಡದಲ್ಲಿಯೇ ಕೇಳಿದೆ. ಅವರು ತಮ್ಮ ನುಡಿಯಲ್ಲಿ ಉತ್ತರ ಹೇಳಿದರು. ಮುಕ್ಕಾಲುಪಾಲು ತಿಳಿಯಿತು, ಉಳಿದದ್ದನ್ನು ಅವರ ಕೈ ತಿಳಿಸಿತು. ಹುಡುಗರಾಗಿದ್ದಾಗ ಹಟ್ಟಿಯ ಕೆಳಗಿನ ತೊರೆ ಯಾವ ಬೇಸಗೆಯಲ್ಲಿಯೂ ನಿಂತದ್ದಿಲ್ಲವಂತೆ. ಈಗ ಅದು ಬಿಸಿಲು ಬಲಿಯುವ ಮೊದಲೇ ಸೊರಗಿ, ಲಾರಿಯಲ್ಲಿ ನೀರು ತರಿಸುವ ದಿನಗಳೂ ಬರುತ್ತವಂತೆ. ಮಳೆ ಕಡಮೆಯಾಯಿತೇ ಎಂದು ಕೇಳಿದುದಕ್ಕೆ, ಮಳೆ ಬರುತ್ತದೆ, ಬಂದದ್ದು ನಿಲ್ಲುವುದಿಲ್ಲ ಎಂದು ಅಂಗೈಯನ್ನು ವಾರೆ ಮಾಡಿ ತೋರಿಸಿದರು. ರಾಯರು ಅರ್ಧ ಗಂಟೆಯಲ್ಲಿ ವಿವರಿಸಿದ ಶಾಸ್ತ್ರ ಆ ವಾರೆಯಾದ ಅಂಗೈಯಲ್ಲಿ ಅಡಗಿತ್ತು.

ಉದಕಮಂಡಲದ ಸಂಭ್ರಮವನ್ನು ನಾನು ವರ್ಣಿಸಬೇಕಾದ್ದಿಲ್ಲ. ಸಲಿವನ್ನನ ಸರೋವರ ಮೊದಲಿನಷ್ಟು ವಿಸ್ತಾರವಾಗಿಲ್ಲ. ಅದರ ಒಂದು ಭಾಗವನ್ನು ಮುಚ್ಚಿ ಕುದುರೆಪಂದ್ಯದ ಮೈದಾನವನ್ನೂ ಬಸ್ಸಿನ ನಿಲ್ದಾಣವನ್ನೂ ಮಾಡಿದ್ದಾರೆ. ಊರಿನ ಕೊಳೆಯೂ ಅದರೊಳಕ್ಕೆ ಇಳಿಯುತ್ತ ಬಂದಿದೆ. ಬರುವ ವಾಹನಗಳಂತೂ ಲೆಕ್ಕವಿಲ್ಲ. 2024ರ ಮೇ ತಿಂಗಳಿನಲ್ಲಿ ನ್ಯಾಯಾಲಯದ ಆಜ್ಞೆಯಂತೆ, ಹೊರಗಿನಿಂದ ಬರುವ ವಾಹನಗಳು ಮೊದಲೇ ಅನುಮತಿ ಪತ್ರವನ್ನು ಪಡೆಯಬೇಕೆಂಬ ನಿಯಮವನ್ನು ತರಬೇಕಾಗಿ ಬಂದಿತು. ಸರೋವರದ ದಂಡೆಯ ಮೇಲೆ ನಿಂತಾಗ ಮೊದಲಿನ ಹರ್ಷ ನನಗೆ ಬರಲಿಲ್ಲವೆಂದರೆ ತಾವು ನನ್ನನ್ನು ರಸಿಕನಲ್ಲವೆಂದುಕೊಳ್ಳಬೇಡಿ. ಊರುಗೋಲು ಮಾಡಿದ ಆ ಗೇಣಗಲದ ಕುಳಿಯಲ್ಲಿ ಮೇಲೇರಿ ಬಂದ ನೀರು ನನ್ನ ಕಣ್ಣಿನ ಮುಂದಿತ್ತು. ಅದರೊಳಗೆ ಒಂದು ತುಂಡು ಆಕಾಶವೂ ಕಂಡಿತ್ತು.

ಹಿಂದಿರುಗುವಾಗ ಗೇಟು ಮುಚ್ಚುವ ಮೊದಲು ಅರಣ್ಯವನ್ನು ದಾಟಬೇಕೆಂದು ಬೇಗನೆ ಹೊರಟೆವು. ಬಂಡೀಪುರವನ್ನು ಬಿಟ್ಟು ಈಚೆಗೆ ಬಂದಾಗ ಎಂಟೂವರೆ ಗಂಟೆ. ಇನ್ನು ಅರ್ಧ ಗಂಟೆಯಲ್ಲಿ ಹಿಂದಿನ ಆ ಹಾದಿ ನಿಶ್ಶಬ್ದವಾಗುವುದು. ಆನೆಗಳೂ ಕಾಟಿಗಳೂ ನಾವು ಹಗಲು ಓಡಾಡಿದ ಡಾಂಬರನ್ನು ದಾಟಿ ನೀರಿಗೆ ಹೋಗುವುವು. ಹಿಂದೊಮ್ಮೆ ನಾನು ಗೇಟಿನವನನ್ನು ಕೇಳಿದ ಪ್ರಶ್ನೆ ನೆನಪಾಯಿತು. ರಸ್ತೆಯಿರುವುದು ಓಡಾಡುವುದಕ್ಕೆ, ನಿಜ. ಆದರೆ ಓಡಾಡುವವರು ನಾವು ಮಾತ್ರವಲ್ಲ.

ಒಂದು ಹೆದ್ದಾರಿಯನ್ನು ರಾತ್ರಿ ಒಂಬತ್ತು ಗಂಟೆ ಕಾಲ ಪ್ರಾಣಿಗಳಿಗೆ ಬಿಟ್ಟುಕೊಡಬಲ್ಲ ಜನ, ಒಂದು ಬೆಟ್ಟಕ್ಕೆ ಅದರ ಹುಲ್ಲನ್ನೂ ಬಿಟ್ಟುಕೊಡಬಲ್ಲರೆಂದು ನಾನು ನಂಬುತ್ತೇನೆ. ಅದಕ್ಕೆ ಮೊದಲು ನಾವು ಆ ಹುಲ್ಲನ್ನು ಬಂಜರೆಂದು ಕರೆಯುವುದನ್ನು ಬಿಡಬೇಕು. ಈ ಬೇಸಗೆಯಲ್ಲಿ ತಾವು ನೀಲಗಿರಿಗೆ ಹೋಗುವುದಾದರೆ ಅವಶ್ಯವಾಗಿ ಹೋಗಿರಿ. ಸರೋವರವನ್ನು ನೋಡಿರಿ, ದೋಣಿಯಲ್ಲಿ ವಿಹರಿಸಿರಿ. ಆದರೆ ಪೈಕಾರದ ಆಚೆಯ ಬೋರೆಯ ಬಳಿ ಹಾದಿಯಂಚಿನಲ್ಲಿ ಒಂದು ಗಳಿಗೆ ನಿಂತು, ಹುಲ್ಲನ್ನು ತುಳಿಯದೆ, ತಗ್ಗಿನ ಆ ಕಪ್ಪು ಕಾಡನ್ನು ಮಕ್ಕಳಿಗೆ ತೋರಿಸಿರಿ. ಇದೇ ನಿಜವಾದ ನೀಲಗಿರಿಯೆಂದು ಅವರಿಗೆ ಹೇಳಿರಿ. ನನ್ನ ವಿದ್ಯಾರ್ಥಿಗಳಿಗೆ ನಾನು ಇನ್ನು ಮೇಲೆ ಹಾಗೆಯೇ ಹೇಳಬೇಕೆಂದಿದ್ದೇನೆ.